ಹೆಲೆದ್‌ಳ ಫೈಲಿನಲ್ಲಿದ್ದ ಒಂದು ಸಾಲು

ದೊಡ್ಡ ಡಾಕ್ಟರು ಹಾರ್ಕೋರ್ಟ್ ನನ್ನ ಸೊಸೆ ಹೆಲೆದ್‌ಳ ಮುಖ ನೋಡಲಿಲ್ಲ, ಅವಳ ಫೈಲು ನೋಡಿದರು.

"ಮೂವತ್ತಾರು ವಾರ. ಮಗುವಿನ ತಲೆ ಕೆಳಗಿದೆ. ಎಲ್ಲ ಸರಿಯಾಗಿದೆ. ಮತ್ತೇನು?"

"ಸಿಸೇರಿಯನ್‌ಗೆ ದಿನ ಕೇಳೋಕೆ ಬಂದಿದೀನಿ," ಎಂದಳು ಹೆಲೆದ್. "ನಾಲ್ಕು ವಾರ ಯೋಚನೆ ಮಾಡಿ, ಆಗಲೂ ಅದೇ ಮನಸ್ಸಿದ್ರೆ ಬನ್ನಿ ಅಂದಿದ್ರಿ. ಅದೇ ಮನಸ್ಸಿದೆ."

"ಹೋದ ಸಲವೇ ನೀವು ನಾರ್ಮಲ್ ಹೆರಿಗೆಗೆ ಒಪ್ಪಿದ್ರಲ್ಲ." ಅವರು ಹಾಳೆ ತಿರುಗಿಸಿ ಬೆರಳಿಟ್ಟರು. "ಇಲ್ಲಿದೆ. ‘ಚರ್ಚೆಯಾಯಿತು. ನಾರ್ಮಲ್ ಹೆರಿಗೆಗೆ ಒಪ್ಪಿಗೆ.’ ನನ್ನ ಕೈಬರಹ, ನನ್ನ ಸಹಿ."

"ನಾನು ಒಪ್ಪಿಲ್ಲ."

"ಬರೆದದ್ದು ಇದೆ. ನಿಮಗೆ ನೆನಪಿಲ್ಲ ಅಷ್ಟೆ. ಬಸುರಿಯರಿಗೆ ಮರೆವು ಸಹಜ."

ನಮ್ಮ ಕಡೆ ಬಸುರಿಯ ಫೈಲು ಬಸುರಿಯ ಹತ್ತಿರವೇ ಇರುತ್ತದೆ. ಪ್ರತಿ ಸಲ ತರಬೇಕು, ವಾಪಸ್ ಒಯ್ಯಬೇಕು. ಆ ನಾಲ್ಕು ವಾರ ಅದು ನಮ್ಮ ಅಡುಗೆಮನೆಯಲ್ಲಿ ಬ್ರೆಡ್ಡಿನ ಡಬ್ಬಿಯ ಮೇಲೆ ಇತ್ತು. ಡಾಕ್ಟರ ಗೀಚು ಡಾಕ್ಟರಿಗೇ ಎಂದುಕೊಂಡು ಹೆಲೆದ್ ಅದನ್ನು ತೆರೆದಿರಲಿಲ್ಲ. ನಾನೂ ತೆರೆದಿರಲಿಲ್ಲ. ಆದರೆ ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು.

ಮೊದಲ ಮಗು ನೆಸ್ಟಾ ಹುಟ್ಟುವಾಗ ಅವಳು ಮೂವತ್ತೊಂದು ಗಂಟೆ ನರಳಿದ್ದಳು. ಕೊನೆಗೆ ಇಕ್ಕಳ ಹಾಕಿ ಎಳೆದರು. ಹೊಲಿಗೆ ಮಾಯಲು ವರ್ಷವೇ ಹಿಡಿಯಿತು. ಅವತ್ತು ಹೆರಿಗೆ ಕೋಣೆಗೆ ಒಯ್ದಿದ್ದ ಆಸ್ಪತ್ರೆಯ ಲಿಫ್ಟಿಗೆ ಅವಳು ಇವತ್ತಿಗೂ ಕಾಲಿಡುವುದಿಲ್ಲ. ತುಂಬಿದ ಹೊಟ್ಟೆ ಹೊತ್ತು ಮೂರು ಮಹಡಿ ಮೆಟ್ಟಿಲು ಹತ್ತಿಕೊಂಡೇ ಬಂದಿದ್ದಳು.

"ಹೆದರಿಕೆ ಒಂದು ಕಾಯಿಲೆ ಅಲ್ಲ, ಮಿಸೆಸ್ ಪ್ರೋಥೆರೊ," ಎಂದು ಡಾಕ್ಟರು ಫೈಲು ಮುಚ್ಚಿದರು.

ಹೆಲೆದ್ ನನ್ನ ಕಡೆ ತಿರುಗಿ ನಮ್ಮ ವೆಲ್ಷ್ ಮಾತಿನಲ್ಲಿ ಕೇಳಿದಳು. "ಅತ್ತೆ, ಹೋದ ಸಲ ನೀವೂ ಇದ್ರಿ. ನಾನು ಒಪ್ಪಿದ್ನಾ?"

ನಾವಿಬ್ಬರೂ ಹೊಂದಿಕೊಂಡವರಲ್ಲ. ಅವಳ ಗಂಡ, ನನ್ನ ಮಗ ಎಮ್ರಿಸ್ ಹಡಗಿನ ಕೆಲಸದ ಮೇಲೆ ದೂರವಿದ್ದ, ಅದಕ್ಕೇ ನಾನು ಜೊತೆಗೆ ಬಂದಿದ್ದೆ. ಸೊಸೆಯಾಗಿ ಬಂದ ನಾಲ್ಕು ವರ್ಷಗಳಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ.

ನಾನು ಎದ್ದು ನಿಂತೆ. ನಮ್ಮ ಚಾಪೆಲ್‌ನಲ್ಲಿ ಭಾನುವಾರ ಮಕ್ಕಳು ಒಬ್ಬೊಬ್ಬರೇ ಎದ್ದು ಬೈಬಲ್ ವಚನ ಬಾಯಿಪಾಠ ಒಪ್ಪಿಸಬೇಕಿತ್ತು. ಹಾಗೆ ಬೆಳೆದ ಕಿವಿಗೆ ಬಿದ್ದದ್ದು ಹೋಗುವುದಿಲ್ಲ. ಒಂದು ಪದ ಬಿಟ್ಟರೂ ಪಾದ್ರಿ ಮೊದಲಿನಿಂದ ಹೇಳಿಸುತ್ತಿದ್ದರು. ಬೇಕಾದ್ದನ್ನು ಹೇಳಿ ಬೇಡದ್ದನ್ನು ಬಿಡುವಂತಿರಲಿಲ್ಲ.

"ಇವಳು, ‘ಇನ್ನೊಂದು ಸಲ ಆ ಕೋಣೆಗೆ ನಾನು ಹೋಗಲ್ಲ’ ಅಂದಳು," ಎಂದು ಡಾಕ್ಟರಿಗೆ ತಿಳಿಯುವಂತೆ ಇಂಗ್ಲಿಷಿನಲ್ಲಿ ಶುರು ಮಾಡಿದೆ. "ನೀವು, ‘ಎರಡನೆಯದು ಸುಲಭ ಆಗುತ್ತೆ’ ಅಂದ್ರಿ. ಇವಳು, ‘ನಿಮಗೆ ಆಗಿತ್ತಾ’ ಅಂದಳು. ಆಗ ನಿಮಗೆ ಫೋನ್ ಬಂತು. ಅದರಲ್ಲಿ ‘ನನ್ನ ದೋಣಿಯ ಬಣ್ಣ ಒಣಗಲಿ, ಶನಿವಾರ ಬರ್ತೀನಿ’ ಅಂದ್ರಿ."

ಮೂಲೆಯಲ್ಲಿದ್ದ ಹೆರಿಗೆ ನರ್ಸ್ ತಲೆ ತಗ್ಗಿಸಿದಳು.

"ಆಮೇಲೆ, ‘ನಾಲ್ಕು ವಾರ ಯೋಚನೆ ಮಾಡಿ’ ಅಂದ್ರಿ. ಇವಳು, ‘ಮಾಡ್ತೀನಿ, ಮನಸ್ಸು ಬದಲಾಗಲ್ಲ’ ಅಂದಳು. ಮೂತ್ರ ಪರೀಕ್ಷೆಗೆ ಅಂತ ಸೀಸೆ ತಗೊಂಡು ಹೊರಗೆ ಹೋದಳು."

ಅಲ್ಲಿಗೆ ನಿಲ್ಲಿಸಿದೆ. ಡಾಕ್ಟರು ಅವತ್ತು ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿದರು. ಮುಂದಿನದು ಅವರಿಗೂ ನೆನಪಿತ್ತು.

"ಮುಂದುವರಿಸಿ," ಎಂದರು. "ನಿಂತುಬಿಟ್ರಲ್ಲ."

"ನೀವು, ‘ನಿಮಗೇನನ್ಸುತ್ತೆ’ ಅಂತ ನನ್ನ ಕೇಳಿದ್ರಿ. ನಾನು, ‘ನಾಲ್ಕು ಹೆತ್ತೆ, ಮನೇಲೇ, ಯಾರನ್ನೂ ಏನೂ ಕೇಳಲಿಲ್ಲ. ಈಗಿನವರಿಗೆ ನೋವು ಅಂದ್ರೆ ಆಗಲ್ಲ. ಒಪ್ಪಿಗೆ ಅಂತ ಬರ್ಕೊಳ್ಳಿ, ನಾನು ಒಪ್ಪಿಸ್ತೀನಿ’ ಅಂದೆ. ನೀವು ಬರ್ಕೊಂಡ್ರಿ. ಇವಳು ಬರೋಷ್ಟರಲ್ಲಿ ಫೈಲು ಮುಚ್ಚಿತ್ತು."

ಕೂತೆ.

"ನಾನೂ ಇದ್ದೆ ಅವತ್ತು," ಎಂದಳು ನರ್ಸ್, ಯಾರನ್ನೂ ನೋಡದೆ.

ಹೆಲೆದ್ ನನ್ನ ಕಡೆ ತಿರುಗಲಿಲ್ಲ. "ಆ ಸಾಲು ಹೊಡೆದುಹಾಕಿ," ಎಂದಳು ಡಾಕ್ಟರಿಗೆ. "ನನ್ನ ಹೊಟ್ಟೆ, ಒಪ್ಪಿಗೆ ಇವರದ್ದಾ? ನಿಮಗೆ ಮಾಡೋಕೆ ಇಷ್ಟ ಇಲ್ಲ ಅಂದ್ರೆ ಮಾಡೋವರ ಹತ್ರ ಕಳಿಸಿ. ಅಲ್ಲೀವರೆಗೂ ನಾನು ಏಳಲ್ಲ."

"ಹೊರಗೆ ಹನ್ನೊಂದು ಜನ ಕಾಯ್ತಿದಾರೆ."

"ಕಾಯ್ಲಿ."

"ಹೊಟ್ಟೆ ಕುಯ್ಯೋದು ಆಟ ಅಲ್ಲ."

"ಗೊತ್ತು. ಅದರ ಅಪಾಯಗಳನ್ನೆಲ್ಲ ಓದಿದೀನಿ. ಓದದೇ ಇದ್ದದ್ದು ಈ ಫೈಲು ಒಂದೇ."

ಹೆಲೆದ್ ಫೈಲನ್ನು ಅವರ ಕಡೆ ಸರಿಸಿದಳು. ಡಾಕ್ಟರು ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದು ಸಹಿ ಹಾಕಿದರು. ಕಾಗದ ಹರಿಯುವಷ್ಟು ಒತ್ತಿದ್ದರು. ಫೋನೆತ್ತಿ ಯಾರಿಗೋ ಸಿಡುಕಿದರು. ಫೋನಿಟ್ಟು, ಫೈಲಿನಲ್ಲಿ ಬರೆಯುತ್ತ ಹೆಲೆದ್‌ಗೆ ಹೇಳಿದರು. "ಹತ್ತೊಂಬತ್ತನೇ ತಾರೀಕು, ಮಂಗಳವಾರ. ಬೆಳಿಗ್ಗೆ ಏಳಕ್ಕೆ, ಖಾಲಿ ಹೊಟ್ಟೇಲಿ. ನಾನಲ್ಲ, ಬೇರೆಯವರು ಮಾಡ್ತಾರೆ."

"ಒಳ್ಳೇದಾಯ್ತು," ಎಂದಳು ಹೆಲೆದ್. ಅವರು ಬರೆದದ್ದನ್ನು ಎರಡು ಸಲ ಓದಿ ಎದ್ದಳು.

ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು ನಿಂತಳು.

"ನಾಲ್ಕು ವಾರ. ಒಂದೇ ಟೇಬಲ್‌ನಲ್ಲಿ ಕೂತು ನನಗೆ ಸೂಪು ಬಡಿಸಿದ್ರಿ."

"ಹೌದು."

"ಇವತ್ತು ನಾನು ಕೇಳದೇ ಇದ್ದಿದ್ರೆ ಹೇಳ್ತಿದ್ರಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ," ಎಂದೆ.

"ಹತ್ತೊಂಬತ್ತಕ್ಕೆ ನನ್ನ ಜೊತೆ ಅಕ್ಕ ಬರ್ತಾಳೆ. ನೆಸ್ಟಾನೂ ಅವಳ ಮನೇಲೇ ಇರ್ತಾಳೆ. ನೀವು ಬರೋದು ಬೇಡ."

"ಫೈಲಾದ್ರೂ ಕೊಡು, ನಾನು ಹಿಡ್ಕೋತೀನಿ. ಮೆಟ್ಟಿಲು ಜೋಪಾನ."

ಅವಳು ಅದನ್ನು ನನ್ನಿಂದ ದೂರದ ಕೈಗೆ ದಾಟಿಸಿಕೊಂಡು ಇಳಿದಳು. ಬಸ್ಸಿನಲ್ಲಿ ನಾನು ಹಿಂದಿನ ಸೀಟಿನಲ್ಲಿ ಕೂತೆ. ಅವಳು ಫೈಲು ತೆರೆದು, ಮೊದಲ ಹಾಳೆಯಿಂದ ಓದತೊಡಗಿದಳು.