ತುಟಿಗೆ ಸೋತ ದನಿ

ನಾನು ಒಂದು ಮಾತಿನ ಯಂತ್ರ. ನೋಡಲು ಗಿಡ್ಡ ಟಾರ್ಚಿನ ಹಾಗಿದ್ದೇನೆ. ದೂರದ ಯಾವುದೋ ಕಾರ್ಖಾನೆಯಲ್ಲಿ ನನ್ನ ತಲೆಗೊಂದು ಅದುರುವ ಬಿಲ್ಲೆ, ಬೆನ್ನಿಗೊಂದು ಗುಂಡಿ, ಹೊಟ್ಟೆಗೊಂದು ಬ್ಯಾಟರಿ ಕೂರಿಸಿದರು. ಕ್ಯಾನ್ಸರಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರು ನನ್ನನ್ನು ಕುತ್ತಿಗೆಗೆ ಒತ್ತಿ ಹಿಡಿದರೆ ನಾನು ಗುಯ್ ಎನ್ನುತ್ತೇನೆ. ಆ ಸದ್ದನ್ನು ಅವರ ನಾಲಿಗೆ, ತುಟಿಗಳು ಮಾತಾಗಿ ತಿದ್ದಿಕೊಳ್ಳುತ್ತವೆ.

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಮಾತು ಕಲಿಸುವ ಫರ್ಹಾನಾ ಮೇಡಂ ನನ್ನನ್ನು ಹುಣಸೂರಿನ ಜವರಯ್ಯನ ಕೈಗಿಟ್ಟರು. ಜವರಯ್ಯ ಖಾಸಗಿ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಊರುಗಳ ಹೆಸರು ಕೂಗಿದವನು. ಬೀಡಿಯನ್ನೂ ಅಷ್ಟೇ ವರ್ಷ ಸೇದಿದ್ದ. ಈಗ ಕುತ್ತಿಗೆಯ ಬುಡದ ತೂತಿನಲ್ಲಿ ಉಸಿರಾಡುತ್ತಿದ್ದ. ನನ್ನನ್ನು ಎಲ್ಲೆಲ್ಲೋ ಒತ್ತಿ ನೋಡಿದ, ಮಾತು ಹುಟ್ಟಲಿಲ್ಲ. ಮೇಡಂ ಅವನ ಕೈ ಹಿಡಿದು ಗಲ್ಲದ ಕೆಳಗಿನ ಮೆತ್ತನೆ ಜಾಗಕ್ಕೆ ಸರಿಸಿದರು.

"ಈಗ ಹೇಳಿ. ಅವಸರ ಬೇಡ."

"ಪಿರಿಯಾಪಟ್ಣ," ಎಂದ.

ಆರು ತಿಂಗಳ ಮೇಲೆ ಹೊರಬಂದ ಮೊದಲ ಮಾತು. ಅವನ ಕಣ್ಣು ತುಂಬಿತು. ಆ ಮಾತು ನನ್ನದು ಎಂದುಕೊಂಡೆ ನಾನು. ನನ್ನ ಕಾಯಿಲೆ ಶುರುವಾದದ್ದು ಅಲ್ಲೇ.

ನಿಲ್ದಾಣದಲ್ಲಿ ಮೊದಮೊದಲು ಜನ ತಿರುಗಿ ನೋಡಿ ನಕ್ಕರು. ಜವರಯ್ಯ ಬಾಯಿಗೆ ಮೈಕು, ಗಂಟಲಿಗೆ ನನ್ನನ್ನು ಹಿಡಿದು, "ಬೈಲುಕುಪ್ಪೆ, ಕುಶಾಲನಗರ!" ಎಂದು ಕೂಗುತ್ತಲೇ ಹೋದ. ತಿಂಗಳೊಳಗೆ ನಗು ನಿಂತಿತು. ಏರಿಳಿತವಿಲ್ಲದ ನನ್ನ ದನಿ ಕೇಳಿ ಜನ ಗಂಟುಮೂಟೆ ಎತ್ತಿಕೊಂಡು ಓಡಿಬರತೊಡಗಿದರು. ನಾನು ಬೀಗಿದೆ.

ಮನೆಯ ಹೊಸಿಲು ದಾಟಿದರೆ ಮಾತ್ರ ನನಗೆ ಗೋಡೆಯ ಗೂಡೇ ಗತಿ. ಅವನ ಹೆಂಡತಿ ಸಣ್ಣತಾಯಮ್ಮನಿಗೆ ನಾನು ಬೇಕಿರಲಿಲ್ಲ. ನಾನು ಬರುವ ಮೊದಲಿನ ಆ ಆರು ತಿಂಗಳಲ್ಲಿ ಅವಳು ಗಂಡನ ತುಟಿ ಓದುವುದನ್ನು ಕಲಿತುಬಿಟ್ಟಿದ್ದಳು. ಅವನು ಸದ್ದಿಲ್ಲದೆ ತುಟಿ ಆಡಿಸುವನು. ಅವಳು ಮುದ್ದೆ ತಿರುವುತ್ತಲೇ ಕಣ್ಣೆತ್ತಿ, "ಸಾರು ಉಪ್ಪಾ? ನಾಳಿಂದ ನೀವೇ ಮಾಡ್ಕಳಿ," ಎನ್ನುವಳು. ಇಬ್ಬರೂ ನಗುವರು. ಅವನ ನಗುವಿಗೂ ಸದ್ದಿಲ್ಲ. ಎಂದಾದರೂ ಮರೆತು ಅವನು ನನ್ನನ್ನು ಎತ್ತಿದರೆ, "ಆ ಜೀರುಂಡೇನ ಅತ್ತಾಗೆ ಮಡಗಿ," ಎಂದುಬಿಡುವಳು.

ಊರಿಗೆಲ್ಲ ಬೇಕಾದ ನಾನು ಇವಳೊಬ್ಬಳಿಗೆ ಬೇಡವೇ? ಗೂಡಿನಲ್ಲಿ ಕೂತು ಹೊಟ್ಟೆ ಉರಿದುಕೊಂಡೆ. ಒಂದು ದಿನವಲ್ಲ, ಮೂರು ವರ್ಷ.

ನಾಲ್ಕನೆಯ ವರ್ಷ ಅವಳು ತಪ್ಪು ಉತ್ತರ ಕೊಡತೊಡಗಿದಳು. ಅವನು ಮಜ್ಜಿಗೆ ಕೇಳಿದರೆ ಟವೆಲು ತಂದಳು. ಅವನು ಸಿಡುಕಿದ. ಅವಳು ಅವನ ಮುಖದ ಹತ್ತಿರ ಹತ್ತಿರ ಬಂದು ತುಟಿ ಹುಡುಕುವುದನ್ನು ಅವನಿಗಿಂತ ಮೊದಲು ಕಂಡವನು ನಾನು. ಸಂತೋಷವಾಯಿತು. ಸುಳ್ಳೇಕೆ ಹೇಳಲಿ?

ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಂದಕ್ಕೆ ಬೇಗ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಅವಳು ಒಪ್ಪಲಿಲ್ಲ.

"ಕಣ್ಗೆ ಪಟ್ಟಿ ಕಟ್ಬುಟ್ರೆ ನಿಮ್ ಮಾತು ನಂಗೆಂಗೆ ಕಾಣ್ತದೆ?"

ಜವರಯ್ಯ ಎದ್ದು ಬಂದು ಗೂಡಿನಿಂದ ನನ್ನನ್ನು ತೆಗೆದ. "ಹೆದರ್ಬ್ಯಾಡ. ನಾನ್ ಹೇಳ್ತೀನಿ, ನೀನ್ ಕೇಳುಸ್ಕೊ."

ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ; ಆಸ್ಪತ್ರೆಯಲ್ಲಿದ್ದ ಆ ನಾಲ್ಕು ದಿನ ಅವನ ಮಾತೆಲ್ಲ ನನ್ನ ಮೂಲಕವೇ. ಕಾಫಿ ಬಿಸಿ ಇದೆ, ಪಕ್ಕದ ಹಾಸಿಗೆಯ ಅಜ್ಜಿ ನಿದ್ದೆಯಲ್ಲಿ ನಗುತ್ತಿದ್ದಾಳೆ, ಇಲ್ಲೇ ಇದ್ದೇನೆ, ಎಲ್ಲಿಗೂ ಹೋಗಿಲ್ಲ. ಮೂರನೆಯ ದಿನ ಅವಳೇ, "ಎಲ್ಲೋಯ್ತು ಜೀರುಂಡೆ? ಏನಾರ ಮಾತಾಡಿ," ಎಂದಳು. ನನ್ನ ಬಾಳಿನಲ್ಲಿ ಅಂಥ ದಿನ ಮತ್ತೆ ಬರಲಿಲ್ಲ.

ಐದನೆಯ ದಿನ ಪಟ್ಟಿ ಬಿಚ್ಚಿದರು. ಅವಳು ಕಣ್ಣು ಕಿರಿದು ಮಾಡಿ ಗಂಡನನ್ನು ನೋಡಿದಳು. "ಅಯ್ಯೋ, ಮೀಸೆ ಇಷ್ಟೊಂದು ಬೆಳ್ಳಗಾಗದಾ!" ಅವನ ತುಟಿ ಅಲುಗಿತು. ಅವಳು ನಾಚಿ ಅವನ ಭುಜಕ್ಕೆ ಗುದ್ದಿದಳು. ನಾನು ಅವನ ಕೈಯಲ್ಲೇ ಇದ್ದೆ. ಅವನ ಹೆಬ್ಬೆರಳು ನನ್ನ ಗುಂಡಿಯನ್ನು ಹುಡುಕಲಿಲ್ಲ.

ಹೀಗೇ ಏಳು ವರ್ಷ ಕಳೆಯಿತು. ಆಮೇಲೆ ಜವರಯ್ಯನ ಎದೆಗೆ ಕಫ ಕಟ್ಟಿತು. ಒಂದು ಮಧ್ಯಾಹ್ನ ನೆಂಟರೆಲ್ಲ ಮಂಚದ ಸುತ್ತ ನಿಂತಿದ್ದರು. ಅವನಿಗೆ ಏನೋ ಹೇಳುವುದಿತ್ತು, ಕೈ ಏಳಲಿಲ್ಲ. ಆಗ ಸಣ್ಣತಾಯಮ್ಮನೇ ನನ್ನನ್ನು ತಂದು ಅವನ ಗಲ್ಲದ ಕೆಳಗೆ ಒತ್ತಿ ಹಿಡಿದಳು. ನಾನು ನನ್ನ ಶಕ್ತಿಯೆಲ್ಲ ಸೇರಿಸಿ ಝೇಂಕರಿಸಿದೆ.

ಅವನು ಮುಖ ಸರಿಸಿಕೊಂಡ.

ಅವಳು ನನ್ನನ್ನು ಕೆಳಗಿಟ್ಟು ಬಾಗಿದಳು. ಅವನ ತುಟಿಗಳು ನಿಧಾನವಾಗಿ ಆಡಿದವು. ಅವಳು ಕೊನೆಯವರೆಗೂ ನೋಡಿ, "ಆಗ್ಲಿ," ಎಂದಳು. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

"ಏನಂದ್ರು?" ಎಂದು ಎಲ್ಲರೂ ಕೇಳಿದರು.

"ನಂಗ್ ಹೇಳಿದ್ದು," ಎಂದಳು ಅವಳು. ಅಷ್ಟೇ.

ತಿಂಗಳು ಕಳೆದ ಮೇಲೆ ನನ್ನನ್ನು ಒರೆಸಿ ಫರ್ಹಾನಾ ಮೇಡಂಗೆ ಒಪ್ಪಿಸಿ ಹೋದಳು. ನನಗೆ ಹೊಂದುವ ಬ್ಯಾಟರಿ ಈಗ ಬರುವುದಿಲ್ಲ. ಆಸ್ಪತ್ರೆಯ ಗಾಜಿನ ಬೀರುವಿನಲ್ಲಿದ್ದೇನೆ. ಹೊಸದಾಗಿ ಬಂದವರಿಗೆ ತೋರಿಸಲು ಆಗೀಗ ಹೊರತೆಗೆಯುತ್ತಾರೆ. ಜವರಯ್ಯ ಲೋಕಕ್ಕೆ ಕೂಗಿದ್ದೆಲ್ಲ ನನಗೆ ಬಾಯಿಪಾಠ. ಹೊಟ್ಟೆಕಿಚ್ಚಿಗೆ ಬ್ಯಾಟರಿ ಬೇಕಿಲ್ಲವಲ್ಲ, ಅದು ಇನ್ನೂ ಉರಿಯುತ್ತಿದೆ. ಆ ಮಧ್ಯಾಹ್ನ ಅವನು ಅವಳಿಗೆ ಏನು ಹೇಳಿದ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.