ಸೋತವನ ಕೈಯ ಕೆಮ್ಮಣ್ಣು

"ಅಷ್ಟಕ್ಕ ನಿಂದ್ರಸು ಭರಮಣ್ಣ," ಎಂದರು ಪ್ರಭುಲಿಂಗಪ್ಪ.

ಭರಮಣ್ಣನ ಕುಂಚ ಗೋಡೆಯಿಂದ ಗೇಣು ದೂರದಲ್ಲಿ ನಿಂತಿತು. ಅದರ ತುದಿಯಿಂದ ಒಂದು ಹನಿ ಕೆಮ್ಮಣ್ಣು ಅವನ ಹೆಬ್ಬೆರಳಿನ ಮೇಲೆ ಬಿತ್ತು. ಏಣಿಯ ಮೇಲಿದ್ದವನು ತಿರುಗಿ ನೋಡಲಿಲ್ಲ. ಕೆಳಗೆ ಬಣ್ಣದ ಬಟ್ಟಲು ಹಿಡಿದು ನಿಂತಿದ್ದ ಮೊಮ್ಮಗಳು ಕಾವ್ಯಾ ಮಾತ್ರ ಸಾವಕಾರರ ಮುಖ ನೋಡಿದಳು.

ಕುಪ್ಪೇಲೂರಿನ ಗರಡಿಮನೆಯ ಮುಂಗೋಡೆ ಹೋದ ಮಳೆಗಾಲದಲ್ಲಿ ಕುಸಿದಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿರುವ, ಊರಿನ ಸಾವಕಾರರೂ ಹಿರಿಯರೂ ಆದ ಪ್ರಭುಲಿಂಗಪ್ಪ ತಮ್ಮ ಖರ್ಚಿನಲ್ಲೇ ಹೊಸದು ಕಟ್ಟಿಸಿದ್ದರು. ಹಳೆಯ ಗೋಡೆಯ ಜೊತೆ ಅದರ ಮೇಲಿದ್ದ ಹೆಸರುಗಳೂ ಮಣ್ಣಾಗಿದ್ದವು. ಅವು ಬಾಗಿಲ ಮುಂದಿನ ಗುಂಡುಕಲ್ಲನ್ನು ಎತ್ತಿದವರ ಹೆಸರುಗಳು. ಅವುಗಳನ್ನು ಬರೆಯುವುದಕ್ಕೆ ಒಂದು ಪದ್ಧತಿಯಿತ್ತು. ಹಿಂದಿನವನನ್ನು ಮೀರಿಸಿದವನು ತನ್ನ ಹೆಸರನ್ನು ತಾನೇ ಬರೆದುಕೊಳ್ಳುವಂತಿಲ್ಲ, ಪಂಚರೂ ಬರೆಯುವಂತಿಲ್ಲ. ಸೋತವನೇ ಬಂದು, ತನ್ನ ಹೆಸರಿನ ಮೇಲುಗಡೆ, ತನ್ನ ಕೈಯಾರೆ ಬರೆಯಬೇಕು. ಅವನು ಬರೆಯದಿದ್ದರೆ ಗೆದ್ದವನು ಗೆದ್ದಂತೆಯೇ ಅಲ್ಲ.

ತೀರಿಹೋದವರ ಪರವಾಗಿ ಅವರ ಮನೆಯವರು ಬೆಳಗಿನಿಂದ ಬಂದು ಬರೆದು ಹೋಗಿದ್ದರು. ಸಾಲು ಏರುತ್ತ ಏರುತ್ತ ಭರಮಣ್ಣನ ಹೆಸರಿಗೆ ಬಂದು ಮುಟ್ಟಿತ್ತು. ಭರಮಣ್ಣನೆದುರು ಸೋತಿದ್ದವನು ಬೀರಲಿಂಗಪ್ಪ. ಅವನ ಮಗ ಬರೆದ ಆ ಹೆಸರು ಇನ್ನೂ ಹಸಿಯಾಗಿತ್ತು. ಅದರ ಮೇಲೆ ಬರಬೇಕಾದ ಹೆಸರು ಒಂದೇ. ಬರೆಯಬೇಕಾದವನು ಭರಮಣ್ಣ.

"ಯೂಸುಫಸಾಬನ ಹೆಸರು ಬ್ಯಾಡಂತೀರೇನ್ರಿ?" ಎಂದ ಅವನು, ಗೋಡೆಗೆ ಹೇಳುವವನ ಹಾಗೆ.

"ಬ್ಯಾಡ ಅಂತ ನಾ ಎಲ್ಲಿ ಅಂದೆ? ವಿಚಾರ ಮಾಡು ಅಂದೆ. ಅಂವ ಸೂಜಿ ತೊಗೊಂಡು ಎತ್ತಿದ ಅಂತ ಊರೆಲ್ಲಾ ಆಡ್ಕೋತೈತಿ. ಆಗ ಯಾರೂ ಬಾಯಿ ಬಿಡಲಿಲ್ಲ. ಈಗ ನೋಡು, ಎರಡೂ ಕಿಡ್ನಿ ಹೋಗ್ಯಾವ. ಸೂಜಿ ಅಲ್ಲದ ಮತ್ತೇನು? ಉದ್ಘಾಟನಾಕ್ಕ ರಾಣೆಬೆನ್ನೂರಿಂದ, ಹಾವೇರಿಂದ ಪೈಲವಾನರು ಬರಾಕತ್ತಾರ. ಗ್ವಾಡಿ ಮುಂದ ನಿಂತು ಫೋಟೋ ತಗೀತಾರ. ಎಲ್ಲಾರ್ಕಿಂತ ಮ್ಯಾಲ ನಿನ್ನ ಹೆಸರು ಇರ್ಲಿ. ನೀ ಹಾಲು-ರೊಟ್ಟಿ ತಿಂದು ಎತ್ತಿದಾಂವ."

ಪ್ರಭುಲಿಂಗಪ್ಪ ದನಿ ತಗ್ಗಿಸಿದರು. "ಬರೀಲೇಬೇಕು ಅಂದ್ರ ಬರಿಯಪ್ಪ. ಬಾಜೂಕ ಒಂದು ಕರೀ ಚುಕ್ಕಿ ಇಡು. ಚುಕ್ಕಿ ಯಾಕ ಅಂತ ಕೇಳಿದವರಿಗೆ ಹೇಳೂಣಂತ."

ಭರಮಣ್ಣ ಏಣಿ ಇಳಿದು ಕುಂಚವನ್ನು ಬಟ್ಟಲಲ್ಲಿಟ್ಟ. "ನಾಳೆ ಬರೀತೇನ್ರಿ."

"ಏನಂತ?"

"ಕೇಳಿ ಬರ್ತೇನಿ."

"ಯಾರನ್ನ?"

"ಎತ್ತಿದಾವನ್ನ."

ಇಪ್ಪತ್ತು ವರ್ಷಕ್ಕೂ ಮೇಲಾಗಿದ್ದರೂ ಯೂಸುಫಸಾಬ ಕಲ್ಲು ಎತ್ತಿದ ದಿನ ಭರಮಣ್ಣನ ಕಣ್ಣಿಂದ ಹೋಗಿರಲಿಲ್ಲ. ಆವರೆಗೆ ಗುಂಡನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆದವನು ಭರಮಣ್ಣ ಒಬ್ಬನೇ. ಅವನು ಒಗೆದಾಗ ನೆಲ ನಡುಗಿತ್ತು, ಎದುರುಮನೆಯ ಜಂತಿಯಿಂದ ಮಣ್ಣು ಉದುರಿತ್ತು, ಊರಿಗೆ ಊರೇ ಸಿಳ್ಳೆ ಹಾಕಿತ್ತು. ಯೂಸುಫಸಾಬ ಇದೇ ಊರಿನವನು. ಬ್ಯಾಡಗಿಗೆ ಹಮಾಲಿಗೆ ಹೋದವನು ಉರುಸಿಗೆ ಬಂದಿದ್ದ. ತಲೆಗೂದಲಲ್ಲಿ ಮೆಣಸಿನ ಪುಡಿ ಇನ್ನೂ ಕೆಂಪಗೆ ಕೂತಿತ್ತು. ಲುಂಗಿ ಎತ್ತಿ ಕಟ್ಟಿ, ಬಾಗಿಲ ಮೇಲಿನ ಹನುಮಪ್ಪನಿಗೆ ಕೈ ಮುಗಿದು, ಕಲ್ಲಿಗೆ ಕೈ ಹಚ್ಚಿದ. ಮೊಣಕಾಲು, ಹೊಟ್ಟೆ, ಎದೆ, ಹೆಗಲು. ಇನ್ನೇನು ಒಗೆಯುತ್ತಾನೆ ಎಂದು ಹಿಂದೆ ನಿಂತವರು ಸರಿದರು. ಅವನು ಒಗೆಯಲಿಲ್ಲ. ನಡೆಯತೊಡಗಿದ.

ಕಲ್ಲು ಹೊತ್ತು ಗರಡಿಮನೆಯನ್ನು ಸುತ್ತಿದ. ಮೊದಲು ಕೂಗುತ್ತಿದ್ದ ಜನ ಅವನು ಹಿಂಬದಿಗೆ ಹೋಗುವಷ್ಟರಲ್ಲಿ ಮಾತು ನಿಲ್ಲಿಸಿದ್ದರು. ಬರಿಗಾಲಿನ ಸಪ್ಪಳ ಮಾತ್ರ ಕೇಳುತ್ತಿತ್ತು. ಮತ್ತೆ ಬಾಗಿಲಿಗೆ ಬಂದವನು ಮೊಣಕಾಲು ಮಡಚಿ, ಆ ಕಲ್ಲನ್ನು ಹೆಗಲಿಂದ ಎದೆಗೆ, ಎದೆಯಿಂದ ತೊಡೆಗೆ ಜಾರಿಸಿಕೊಳ್ಳುತ್ತ ನೆಲಕ್ಕೆ ಇಳಿಸಿದ. ಹಾಲು ಕುಡಿದು ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸಿದಂತೆ. ಒಂದಿಷ್ಟೂ ಸಪ್ಪಳವಾಗಲಿಲ್ಲ. ಸೋತೆ ಅನ್ನುವ ಸಂಕಟ ಭರಮಣ್ಣನಿಗೆ ಆಮೇಲೆ ಬಂತು. ಅದಕ್ಕೂ ಮುಂಚೆ ಬಂದದ್ದು ಬೇರೆ: ತಾನು ಈತನಕ ಅರ್ಧ ಕೆಲಸ ಮಾಡಿ ಉಳಿದರ್ಧವನ್ನು ಒಗೆಯುತ್ತಿದ್ದೆ ಅನ್ನುವುದು.

ಆ ಸಂಜೆಯೇ ಅವನು ಯೂಸುಫನ ಹೆಸರು ಬರೆದಿದ್ದ.

ಈಗ, ಏಣಿ ಇಳಿದ ದಿನದ ಮಧ್ಯಾಹ್ನ, ಅಜ್ಜನನ್ನು ಬ್ಯಾಡಗಿಗೆ ಕರೆದೊಯ್ಯಲು ಕಾವ್ಯಾ ಸ್ಕೂಟಿ ತೆಗೆದಳು. ರಾಣೆಬೆನ್ನೂರಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿ. ಕುಸ್ತಿಯಲ್ಲಿ ರಾಜ್ಯಮಟ್ಟಕ್ಕೆ ಆಡಿದವಳು. ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ದಾರಿಗೆ ಹೊರಳಿದ ಮೇಲೆ ಕೇಳಿದಳು.

"ಅಜ್ಜಾ, ಅಂವ ತೊಗೊಂಡಿದ್ದು ಖರೇ ಅಂದ್ರ ಏನ್ ಮಾಡ್ತಿ?"

"ನೋಡೂಣು."

"ನೋಡೂದೇನೈತಿ? ನನ್ನ ಪದಕ ನೆನಪೈತಿಲ್ಲೋ?"

ನೆನಪಿತ್ತು. ಫೈನಲಿನಲ್ಲಿ ಅವಳನ್ನು ಕೆಡವಿದ ಹುಡುಗಿ ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದಳು. ತಿಂಗಳುಗಟ್ಟಲೆ ಕಳೆದ ಮೇಲೆ ಚಿನ್ನದ ಪದಕ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬಂದಿತ್ತು.

"ಅವ್ವ ಅದಕ್ಕ ಕುಂಕುಮ ಹಚ್ಚಿ ಮೊಳಿಗೆ ಹಾಕ್ಯಾಳ. ನಾ ಒಂದ್ ದಿನಾನೂ ಕೊರಳಾಗ ಹಾಕ್ಕೊಂಡಿಲ್ಲ. ನಾ ನಿಂದ್ರೋ ಜಾಗಾದಾಗ ಅಕಿ ನಿಂತಿದ್ಲು, ಚಪ್ಪಾಳಿ ಅಕೀಗೆ ಬಿದ್ವು. ಆ ಚಪ್ಪಾಳಿ ಕೊರಿಯರ್‌ನ್ಯಾಗ ಬರ್ಲಿಲ್ಲ ಅಜ್ಜಾ. ನಿನಗೂ ಹಂಗಽ ಆಗಿದ್ರ?"

ಅಷ್ಟರಲ್ಲಿ ಗಾಳಿಯಲ್ಲಿ ಮೆಣಸಿನ ಘಾಟು ಬಂದು ಇಬ್ಬರೂ ಕೆಮ್ಮಿದರು. ಬ್ಯಾಡಗಿ ಬಂದಿತ್ತು.

ಯೂಸುಫಸಾಬ ಓಣಿಯಲ್ಲಿ ಮನೆಯ ಬಾಗಿಲ ಮುಂದೆಯೇ ಹೊರಸಿನ ಮೇಲೆ ಕೂತಿದ್ದ. ಹಿಂದಿನ ದಿನ ಹಾವೇರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬಂದಿದ್ದ. ಹಳೆಯ ಅಂಗಿಯೊಳಗೆ ಆ ಮೈ ಎಲ್ಲಿದೆ ಎಂದು ಹುಡುಕಬೇಕಾಗಿತ್ತು.

"ಬಾ ಪೈಲವಾನ. ಇನ್ನೂ ಜೀವಂತ ಇದ್ದೀನೋ ಇಲ್ಲೋ ನೋಡಾಕ ಬಂದಿ?"

"ಹೊರಾಕ ಕರದಾರು ಅಂತ ತಯಾರಾಗಿದ್ದೆ. ಈಗ ನಿನ್ನ ಹೊರಾಕ ನಮ್ಮ ಹುಡುಗಿ ಒಬ್ಬಾಕಿನಽ ಸಾಕು."

ಯೂಸುಫ ನಕ್ಕ. ಒಳಗಿಂದ ಅವನ ಹೆಂಡತಿ ಮೈಮುನಾಬಿಯೂ ನಕ್ಕಳು. "ಬರ್ರಿ ಅಣ್ಣಾರ, ಕುಂದ್ರಿ. ಇವ್ರು ಬೆಳಿಗ್ಗಿಂದ ನನ್ನ ಜೋಡಿ ಜಗಳಾಡಿ ಬ್ಯಾಸತ್ತಾರ, ನೀವರೆ ಆಡ್ರಿ." ಚಹಾ ಬಂತು. ಯೂಸುಫನಿಗೆ ಕೊಟ್ಟದ್ದು ಸಣ್ಣ ಲೋಟದ ತಳದಲ್ಲಿ ಒಂದಿಷ್ಟು ನೀರು. ಅವನಿಗೆ ನೀರೂ ಅಳತೆಯಲ್ಲೇ. ಅವನು ಅದನ್ನು ಕುಡಿಯದೆ ಕೈಯಲ್ಲಿ ಹಿಡಿದುಕೊಂಡೇ ಇದ್ದ.

ಭರಮಣ್ಣನಿಗೆ ಸುತ್ತಿ ಬಳಸಿ ಕೇಳಲು ಬರುತ್ತಿರಲಿಲ್ಲ. ಗೋಡೆಯ ವಿಷಯ, ಚುಕ್ಕಿಯ ವಿಷಯ ಎಲ್ಲ ಹೇಳಿದ. "ಗುಂಡು ಎತ್ತಿದಾಗ ಸೂಜಿ ತೊಗೊಂಡಿದ್ದೇನು ಯೂಸುಫ?"

ಮೈಮುನಾಬಿಯ ಕೈಯಲ್ಲಿದ್ದ ಬಟ್ಟಲು ನೆಲಕ್ಕೆ ತಾಗಿ ಸಪ್ಪಳ ಮಾಡಿತು.

"ತೊಗೊಂಡಿದ್ದೆ," ಎಂದ ಯೂಸುಫ.

ಕಾವ್ಯಾ ಚಹಾದ ಲೋಟ ಕೆಳಗಿಟ್ಟಳು.

"ಆ ದಿನ ಅಲ್ಲ. ಅದರ ಹಿಂದಿನ ವಾರ. ಅದರ ಹಿಂದಿನ ವಾರನೂ. ಸೀಜನ್ನಿನಾಗ ವಾರಾ ವಾರಾ. ಪ್ಯಾಟ್ಯಾಗ ಒಬ್ಬಾಂವ ಸೂಜಿ ಡಾಕ್ಟರ್ ಇದ್ದ, ಈಗ ಇಲ್ಲ. ನಡಾ ಹಿಡದೈತಿ ಅಂದ್ರ ಸೂಜಿ, ಮೊಣಕಾಲು ಬಾತೈತಿ ಅಂದ್ರ ಅದಽ ಸೂಜಿ. ಮರುದಿನ ಹುಲಿ ಆಗಿ ಎದ್ದು ಚೀಲ ಹೊರತಿದ್ವಿ. ಅದರಾಗ ಏನೈತಿ ಅಂತ ಅಂವ ಹೇಳಲಿಲ್ಲ, ನಾವು ಕೇಳಲಿಲ್ಲ. ಆ ಸೂಜಿ ಕಲ್ಲು ಎತ್ತಿಸ್ತೋ, ನಾನಽ ಎತ್ತಿದ್ನೋ, ಅದು ನನಗೂ ಗೊತ್ತಿಲ್ಲ. ಆಣಿ ಮಾಡು ಅಂದ್ರ ಯಾವ ಕಡೆ ಮಾಡ್ಲಿ ಹೇಳು?"

"ಕಳಸ್ತಿದ್ದವರು ಯಾರು, ಅದನ್ನೂ ಕೇಳ್ರಿ ಅಣ್ಣಾರ," ಎಂದಳು ಮೈಮುನಾಬಿ. ದನಿ ಏರಿರಲಿಲ್ಲ. "ಇವರು ಜ್ವರ ಬಂದು ಮಲಗಿದ್ರ ನಿಮ್ಮೂರ ಸಾವಕಾರ್ರು ಆಳು ಕಳಸ್ತಿದ್ರು. ಲಾರಿ ನಿಂತೈತಿ, ಲಗೂನ ಸೂಜಿ ಮಾಡಿಸ್ಕೊಂಡು ಬಾ ಅಂತ. ಹಮಾಲ್ರೆಲ್ಲಾ ಸಾಲು ಹಚ್ಚಿ ನಿಂತಿರತಿದ್ರು. ಆಗ ಯಾರೂ ಚುಕ್ಕಿ ಇಡಲಿಲ್ಲ. ಅವರ ಚೀಲ ಹೊತ್ರ ಅದು ದವಾ. ತನ್ನ ಖುಷಿಗೆ ಒಂದು ಕಲ್ಲು ಹೊತ್ರ ಮೋಸ."

ಓಣಿಯಲ್ಲಿ ಒಂದು ಟ್ರ್ಯಾಕ್ಟರು ಹಾದುಹೋಯಿತು. ಅದು ದೂರವಾದ ಮೇಲೆ ಕಾವ್ಯಾ ಹೊರಸಿನ ಹತ್ತಿರ ಸರಿದು ಕೂತಳು.

"ಕಾಕಾ," ಎಂದಳು ಕಾವ್ಯಾ. "ಕಲ್ಲು ಯಾಕ ಒಗೀಲಿಲ್ರಿ? ಇಳಿಸಿದ್ರಿ ಅಂತ. ಅಜ್ಜ ನನಗ ಸಣ್ಣಾಕಿದ್ದಾಗಿಂದ ಅದನ್ನಽ ಹೇಳ್ತಾನ."

ಯೂಸುಫನಿಗೆ ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿದಂತಿರಲಿಲ್ಲ. ಅವನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. "ಮೆಣಸಿನಕಾಯಿ ಚೀಲ ಒಗದ್ರ ಕಾಯಿ ಒಡೀತಾವ ತಂಗಿ. ಬೀಜ ಉದುರಿ ಮಾಲು ಕೆಡ್ತೈತಿ, ಬೈಗಳ ಬೀಳ್ತಾವ. ಇಳಿಸಿ ಇಳಿಸಿ ಮೈಗೆ ಅದಽ ರೂಢಿ. ಅವತ್ತು ಹೆಗಲ ಮ್ಯಾಲಿದ್ದದ್ದು ಕಲ್ಲು ಅನ್ನೂದು ಮೈಗೆ ಮರತಿತ್ತು." ಹೇಳುತ್ತ ಹೇಳುತ್ತ ಅವನು ಎದ್ದು ನಿಂತ. ಬಲಹೆಗಲನ್ನು ಮುಂದಕ್ಕೆ ಬಾಗಿಸಿ, ಮೊಣಕಾಲನ್ನು ನಿಧಾನಕ್ಕೆ ಮಡಚಿದ. "ಕೈಲೆ ಹಿಡೀಬಾರದು. ಕೈಲೆ ಹಿಡದ್ರ ಅದು ನಮ್ಮನ್ನ ಎಳೀತೈತಿ. ಎದಿಗೆ ಆನಿಸ್ಕೋಬೇಕು, ಉಸರು ಬಿಟ್ಟಂಗ ಬಿಡಬೇಕು. ಹಿಂಗ." ಇಲ್ಲದ ಭಾರವನ್ನು ಅವನು ನೆಲಕ್ಕೆ ಇಳಿಸುವುದನ್ನು ಮೂವರೂ ನೋಡಿದರು. ಆ ಕ್ಷಣಕ್ಕೆ ಅವನ ಅಂಗಿಯೊಳಗೆ ಹಳೆಯ ಮೈ ಬಂದು ಹೋಯಿತು.

"ಸಾಕು, ಕುಂದ್ರಿ," ಎಂದಳು ಮೈಮುನಾಬಿ.

ಕೂತ ಮೇಲೆ ಏದುಸಿರು ಬಿಡುತ್ತಲೇ ಅವನು ಭರಮಣ್ಣನ ಕೈ ಹಿಡಿದು ತನ್ನ ಎಡಗೈಯ ಮೇಲಿಟ್ಟುಕೊಂಡ. ರಕ್ತ ತೆಗೆಯಲೆಂದು ಡಾಕ್ಟರರು ನರ ಜೋಡಿಸಿದ ಜಾಗ ಹಗ್ಗದ ಗಂಟಿನಂತೆ ಉಬ್ಬಿತ್ತು. ಚರ್ಮದ ಕೆಳಗೆ ಏನೋ ಜುಮ್ಮನೆ ಹರಿಯುತ್ತಿತ್ತು. "ಈ ಕೈಲೆ ಒಂದು ಕೊಡಾ ಸೈತ ಎತ್ತಬ್ಯಾಡ ಅಂದಾರ. ಬರಿ, ಬಿಡು, ಅದು ನಿನ್ನ ಹಕ್ಕು ಭರಮಣ್ಣ. ಚುಕ್ಕಿ ಇಟ್ರೂ ಸಿಟ್ಟಿಲ್ಲ. ಆದ್ರ ಇಡೂದಾದ್ರ ನೀನಽ ಇಡು. ಅವರ ಕೈಲೆ ಇಡಸಬ್ಯಾಡ."

ಹೊರಡುವಾಗ ಮೈಮುನಾಬಿ ಕಾವ್ಯಾಳ ಕೈಗೆ ಒಂದು ಹಿಡಿ ಒಣಮೆಣಸಿನಕಾಯಿ ಕಟ್ಟಿಕೊಟ್ಟಳು. ದಾರಿಯಲ್ಲಿ ಹುಡುಗಿ ಅಂದಳು:

"ಆದ್ರೂ ಅಜ್ಜಾ, ತೊಗೊಂಡಿದ್ದು ತೊಗೊಂಡಿದ್ದಽ."

"ಹೌದವಾ."

"ಸಿಟ್ಟು ಬರೂದಿಲ್ಲೇನು ನಿನಗ?"

"ಬರ್ತೈತಿ. ನಿನಗ ಅಕಿ ಮ್ಯಾಲ ಬಂತು. ನನಗ ಬ್ಯಾರೆ ಕಡೆ ಬರಾಕತ್ತೈತಿ."

ಮರುದಿನ ಪ್ರಭುಲಿಂಗಪ್ಪ ಕರಿಯ ಬಣ್ಣದ ಸಣ್ಣ ಡಬ್ಬಿಯನ್ನು ತಾವೇ ತಂದಿದ್ದರು. ಗರಡಿಯ ಹುಡುಗರೂ ನಾಕಾರು ಮಂದಿ ಹಿರಿಯರೂ ಸೇರಿದ್ದರು. ಭರಮಣ್ಣ ಏಣಿ ಹತ್ತಿದ. ತನ್ನ ಹೆಸರಿನ ಮೇಲೆ, ಅದಕ್ಕಿಂತ ದಪ್ಪ ಅಕ್ಷರಗಳಲ್ಲಿ ಬರೆದ: ಯೂಸುಫಸಾಬ. ವಯಸ್ಸಾದ ಕೈ, ಕೊನೆಯ ಅಕ್ಷರ ತುಸು ಮೇಲಕ್ಕೆ ಹೋಯಿತು.

"ಚುಕ್ಕಿ?" ಎಂದರು ಪ್ರಭುಲಿಂಗಪ್ಪ, ಡಬ್ಬಿಯನ್ನು ಮೇಲೆ ಚಾಚುತ್ತ.

ಭರಮಣ್ಣ ಅದನ್ನು ನೋಡಿದ. ಮತ್ತೆ ಕುಂಚವನ್ನು ಕೆಮ್ಮಣ್ಣಿಗೇ ಅದ್ದಿ, ಹೆಸರಿನ ಪಕ್ಕಕ್ಕೆ ಬರೆದ: ಹಮಾಲ, ಬ್ಯಾಡಗಿ.

ಆ ಗೋಡೆಯಲ್ಲಿ ಯಾರ ಹೆಸರಿನ ಮುಂದೆಯೂ ಕಸುಬು ಇರಲಿಲ್ಲ.

"ಇದೇನು ಹೊಸಾ ಪದ್ಧತಿ?" ಸಾವಕಾರರ ದನಿ ಬಿಗಿಯಾಗಿತ್ತು.

"ಚುಕ್ಕಿ ಬದ್ಲಿ ಇದು ಇರ್ಲಿ ಅಂದ್ನಿರಿ. ಅಂವ ಸೂಜಿ ತೊಗೊಂಡಿದ್ದ ಖರೇ, ಅವನಽ ಒಪ್ಪಿದ. ಯಾವ ಸೂಜಿ, ಯಾಕ, ಯಾರು ಮಾಡಿಸಿದ್ದು ಅಂತ ಕೇಳಿದವರು ಇದನ್ನ ಓದಿ ನಿಮ್ಮ ಕಡೆಗೇ ಬರ್ತಾರ. ನೀವಽ ಹೇಳ್ರಿ."

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಪ್ರಭುಲಿಂಗಪ್ಪನವರ ಕೈಯಲ್ಲಿ ಡಬ್ಬಿ ಇನ್ನೂ ಚಾಚಿಕೊಂಡೇ ಇತ್ತು. ಅವರ ಫೋನು ರಿಂಗಾಯಿತು. ಅದನ್ನು ಕಿವಿಗಿಟ್ಟುಕೊಂಡು, ಬಂದ ಕರೆಗೆ ಬೇಕಾದ್ದಕ್ಕಿಂತ ಜೋರಾಗಿ ಮಾತಾಡುತ್ತ ಬೀದಿಗೆ ಇಳಿದರು. ಡಬ್ಬಿ ಅವರ ಜೊತೆಯೇ ಹೋಯಿತು. ಸಾವಕಾಶ ಉಳಿದವರೂ ಚದುರಿದರು.

ಭರಮಣ್ಣ ಕೆಳಗಿಳಿದು ಕುಂಚ ತೊಳೆಯುತ್ತಿದ್ದಾಗ ಹಿಂದೆ ಉಸಿರು ಬಿಗಿಹಿಡಿದ ಸಪ್ಪಳ ಕೇಳಿತು. ಕಾವ್ಯಾ ಓಢಣಿಯನ್ನು ನಡುವಿಗೆ ಬಿಗಿದು ಗುಂಡಿಗೆ ಕೈ ಹಚ್ಚಿದ್ದಳು. ಕಲ್ಲು ಮಣ್ಣಿನಿಂದ ಎದ್ದಿತು. ಮೊಣಕಾಲಿಗೆ ಬಂತು, ತೊಡೆಗೆ ಬಂತು. ಅದಕ್ಕಿಂತ ಮೇಲೆ ಏರಲಿಲ್ಲ. ಅವಳ ಕೊರಳ ನರಗಳು ಉಬ್ಬಿದವು, ಕಾಲು ನಡುಗತೊಡಗಿತು. ಕಲ್ಲು ಬಿಟ್ಟು ಹಿಂದೆ ಸರಿ ಎಂದು ಹೇಳಲು ಭರಮಣ್ಣ ಬಾಯಿ ತೆರೆದ.

ಅವಳು ಸರಿಯಲಿಲ್ಲ. ಕೈ ಸಡಿಲಿಸಿ ಕಲ್ಲನ್ನು ಮೈಗೆ ಆನಿಸಿಕೊಂಡು, ಉಸಿರು ಬಿಡುತ್ತ, ಮೊಣಕಾಲು ಮಡಚುತ್ತ, ಇಳಿಸುತ್ತ ಹೋದಳು. ಭರಮಣ್ಣ ಕುಂಚ ಹಿಡಿದುಕೊಂಡೇ ಕಿವಿಗೊಟ್ಟು ನಿಂತ. ಕಲ್ಲು ನೆಲ ಮುಟ್ಟಿತು, ಸಪ್ಪಳ ಮಾತ್ರ ಕೇಳಲಿಲ್ಲ.