ನೊರಜಿಗೆ ರಿವರ್ಸ್ ಗೇರ್ ಇತ್ತೇ?

ಆರ್ಮಾನ್ ಶಾಂಬೋನೆ ಮೇಷ್ಟ್ರು ಮೂಲಾಂ ಪಟ್ಟಣದ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಕೆಲವರಿಗೆ ಗುಲಾಬಿಯ ಹುಚ್ಚು ಹತ್ತುತ್ತದೆ, ಕೆಲವರಿಗೆ ಮೀನಿನ ಗಾಳದ್ದು. ಮೇಷ್ಟ್ರಿಗೆ ಹತ್ತಿದ್ದು ಹಳೆಯ ಪುಟಾಣಿ ಕಾರುಗಳ ಹುಚ್ಚು. ಅದರಲ್ಲೂ ಯುದ್ಧ ಮುಗಿದ ಹೊಸತರಲ್ಲಿ, ಪೆಟ್ರೋಲಿಗೂ ತಗಡಿಗೂ ತತ್ವಾರವಾಗಿದ್ದಾಗ, ಮಕ್ಕಳ ತಳ್ಳುಗಾಡಿ ಮಾಡುತ್ತಿದ್ದ ಒಬ್ಬ ಪುಣ್ಯಾತ್ಮ ಕಟ್ಟಿದ ಮೂರು ಚಕ್ರದ 'ಮೂಶರೋನ್' ಎಂದರೆ ಅವರಿಗೆ ಪಂಚಪ್ರಾಣ. ಮೂಶರೋನ್ ಎಂದರೆ ನೊರಜು. ಹೆಸರಿಗೆ ತಕ್ಕ ಗಾತ್ರ. ಒಳಗೆ ಇಬ್ಬರು ಭುಜಕ್ಕೆ ಭುಜ ಒತ್ತಿಕೊಂಡು ಕೂರಬಹುದು. ಒಬ್ಬರು ಆಕಳಿಸಿದರೆ ಇನ್ನೊಬ್ಬರು ಉಸಿರು ಬಿಗಿಹಿಡಿಯಬೇಕು. ಬಾಗಿಲು ಒಂದೇ, ಅದೂ ಕಾರಿನ ಮೂತಿಯಲ್ಲಿ. ಬೀರು ತೆರೆದಂತೆ ಮುಂಭಾಗವನ್ನೇ ತೆರೆದು ಒಳಗೆ ನುಗ್ಗಬೇಕು.

ಈ ಕಾರನ್ನು ಮೇಷ್ಟ್ರು ಕಣ್ಣಾರೆ ಕಂಡಿರಲಿಲ್ಲ. ಅವರ ಸಂಘದಲ್ಲಿ ಯಾರೂ ಕಂಡಿರಲಿಲ್ಲ. ಸಂಘದಲ್ಲಿ ಉಳಿದಿದ್ದವರಾದರೂ ಇಬ್ಬರೇ: ಮೇಷ್ಟ್ರು ಮತ್ತು ಹಲ್ಲಿನ ಡಾಕ್ಟರಮ್ಮನಾಗಿದ್ದ ಒಡೆತ್ ರಿಬೇರಾಕ್. ಮಿಕ್ಕವರೆಲ್ಲ ಇವರಿಬ್ಬರ ಜಗಳ ಕೇಳಲಾರದೆ ಬಿಟ್ಟುಹೋಗಿದ್ದರು. ಜಗಳದ ವಿಷಯ, ನೊರಜಿಗೆ ರಿವರ್ಸ್ ಗೇರ್ ಇತ್ತೋ ಇಲ್ಲವೋ ಎಂಬುದು. ಅವರ ಬಳಿ ಇದ್ದ ಏಕೈಕ ಮಸುಕು ಫೋಟೋದಲ್ಲಿ ಸ್ಟೇರಿಂಗಿನ ಕೆಳಗೆ ಒಂದು ಸಣ್ಣ ಹಿಡಿ, ಅದರ ಮೇಲೆ 'ಆರ್' ಎಂಬ ಅಕ್ಷರ ಕಾಣುತ್ತಿತ್ತು. ಅದು ರಿವರ್ಸಿನ 'ಆರ್' ಎಂದು ಒಡೆತ್ ಸಾಧಿಸುತ್ತಿದ್ದರು. ಅಲ್ಲ, ರಿಸರ್ವ್ ಪೆಟ್ರೋಲಿನ 'ಆರ್' ಎಂದು ಮೇಷ್ಟ್ರು. ಇದರ ಮೇಲೆ ಇಬ್ಬರೂ ಸಂಘದ ಪತ್ರಿಕೆಯಲ್ಲಿ ವರ್ಷಗಟ್ಟಲೆ ಲೇಖನ ಬರೆದಿದ್ದರು. ಓದುವವರೂ ಅವರಿಬ್ಬರೇ.

ಹೀಗಿರುವಾಗ ಸಂತೆಯಲ್ಲಿ ಜೇನು ಮಾರುವವಳೊಬ್ಬಳು ಒಡೆತ್‌ಗೆ ಸುದ್ದಿ ಕೊಟ್ಟಳು. ವೆರ್ನೋಲ್ ಎಂಬ ಹಳ್ಳಿಯ ಲೆಯೋಂತಿನ್ ಅಜ್ಜಿಯ ಕೊಟ್ಟಿಗೆಯಲ್ಲಿ ಅಂಥದ್ದೇ ಒಂದು ಮೊಂಡುಮೂತಿಯ ಕಾರು ಇದೆ, ಅದರಲ್ಲಿ ಹೆಬ್ಬಾತು ಕಾವು ಕೂತಿದೆ ಎಂದು. ಒಡೆತ್ ಒಬ್ಬರೇ ಹೋಗಬಹುದಿತ್ತು. ಆದರೆ ಸೋತಾಗ ಮೇಷ್ಟ್ರ ಮುಖ ಹೇಗಾಗುತ್ತದೆಂದು ನೋಡುವ ಆಸೆ. ತಮ್ಮ ಕಾರಿನಲ್ಲೇ ಅವರನ್ನೂ ಹತ್ತಿಸಿಕೊಂಡು ಹೊರಟರು.

ಅಜ್ಜಿ ಊಟಕ್ಕೆ ಮೊದಲು ಕಾರಿನ ಮಾತೇ ಎತ್ತಗೊಡಲಿಲ್ಲ. ಕೆನೆ ಸುರಿದ ಆಲೂಗಡ್ಡೆ ಕಡುಬು, ಸೊಪ್ಪು, ಚೀಸು, ಮತ್ತೆ ಕಡುಬು. ಮೇಷ್ಟ್ರು ಒಲ್ಲೆನೆಂದಷ್ಟೂ ಅಜ್ಜಿ ಬಡಿಸಿದಳು. ಹೀಗೆ ಅವರ ಸೊಂಟದ ಸುತ್ತಳತೆ ನೊರಜಿನ ಬಾಗಿಲಿನ ಅಳತೆಯನ್ನು ಮುಟ್ಟಿದ ಮೇಲೆ ಎಲ್ಲರೂ ಕೊಟ್ಟಿಗೆಗೆ ನಡೆದರು.

ಕಾರು ಅಲ್ಲಿತ್ತು. ತುಕ್ಕು ಹಿಡಿದಿತ್ತು, ಬಾತಿನ ಹಿಕ್ಕೆಯಲ್ಲಿ ಮಿಂದಿತ್ತು, ಆದರೂ ನೊರಜೇ. ಮೇಷ್ಟ್ರ ಕಣ್ಣು ತೇವವಾಯಿತು. ಒಡೆತ್ ಕೂಡ ಕರವಸ್ತ್ರ ತೆಗೆದರು, ವಾಸನೆಗೆ ಎಂದು ಹೇಳಿಕೊಂಡರು. ಸೀಟಿನ ಒಂದು ಬದಿಗೆ ಹುಲ್ಲಿನ ಗೂಡು, ಅದರ ತುಂಬ ಮೊಟ್ಟೆ. ಹೆಬ್ಬಾತು ಕ್ಲೋತಿಲ್ಡ್ ಕೆರೆಗೆ ಹೋಗಿದ್ದಳು.

"ನೋಡೋದಿದ್ರೆ ಈಗ್ಲೇ ನೋಡ್ಬಿಡಿ. ಅವಳು ಬಂದ್ಲು ಅಂದ್ರೆ ನನ್ ಮಾತೂ ಕೇಳಲ್ಲ," ಎಂದಳು ಅಜ್ಜಿ.

ಮೇಷ್ಟ್ರು ಒಡೆತ್‌ರನ್ನು ಮೊಣಕೈಯಿಂದ ತಡೆದು ತಾವೇ ಒಳಗೆ ತೂರಿಕೊಂಡರು. 'ಆರ್' ಹಿಡಿ ಕಣ್ಣಿಗೆ ಬಿತ್ತು. ಅದಕ್ಕೆ ಕೈ ಚಾಚುವಷ್ಟರಲ್ಲಿ ಕ್ಲೋತಿಲ್ಡ್ ಬಂದೇಬಿಟ್ಟಳು. ಕತ್ತು ನೀಟಿ, ಬುಸುಗುಟ್ಟುತ್ತ, ಮೇಷ್ಟ್ರ ಮೊಣಕಾಲ ಮೇಲಿಂದಲೇ ಹಾದು ಒಳಗೆ ಬಂದಳು. ಮೇಷ್ಟ್ರು ಗಾಬರಿಯಿಂದ ಮುದುಡಿದರು. ಮುದುಡಿದ ರಭಸಕ್ಕೆ ಅವರ ಮೊಣಕೈ ಹ್ಯಾಂಡ್ ಬ್ರೇಕಿಗೆ ಬಡಿಯಿತು. ಕೊಟ್ಟಿಗೆ ಇದ್ದದ್ದು ಇಳಿಜಾರಿನಲ್ಲಿ. ನೊರಜು ಒಮ್ಮೆ ನಡುಗಿ ಉರುಳತೊಡಗಿತು. ಹೊಸ್ತಿಲು ದಾಟುವಾಗ ಕುಲುಕಿದ್ದಕ್ಕೆ ಮೂತಿಯ ಬಾಗಿಲು ಢಬ್ಬೆಂದು ಮುಚ್ಚಿಕೊಂಡಿತು.

ಕಾರೇನೂ ಜೋರಾಗಿ ಹೋಗಲಿಲ್ಲ. ಮನುಷ್ಯ ನಡೆಯುವ ವೇಗ. ಅದೇ ಅವಮಾನ. ಬ್ರೇಕು ಸತ್ತಿತ್ತು, ಸ್ಟೇರಿಂಗು ಮಾತ್ರ ಬದುಕಿತ್ತು. ಹಳ್ಳಿಯ ಚೌಕದಲ್ಲಿ ಕಬ್ಬಿಣದ ಗುಂಡು ಎಸೆದು ಆಡುತ್ತಿದ್ದ ಮುದುಕರು ಆಟ ನಿಲ್ಲಿಸಿ, ಟೋಪಿ ಎತ್ತಿ ನಮಸ್ಕರಿಸಿದರು. ಮೇಷ್ಟ್ರಿಗೋ ಹೆಬ್ಬಾತಿಗೋ ತಿಳಿಯಲಿಲ್ಲ. ಮೇಷ್ಟ್ರು ಮರ್ಯಾದೆಗೆ ಕಡಿಮೆಯಾಗದಂತೆ ತಲೆ ಬಾಗಿಸಿದರು. ಅವರ ಪಕ್ಕದಲ್ಲಿ ಕ್ಲೋತಿಲ್ಡ್ ಮೊಟ್ಟೆಗಳ ಮೇಲೆ ನೆಮ್ಮದಿಯಾಗಿ ಕೂತು ಊರು ನೋಡುತ್ತಿದ್ದಳು. ಕೊನೆಗೆ ನೊರಜು ಬೇಕರಿಯ ಗೋಡೆಗೆ ಮೂತಿ ಒತ್ತಿ ನಿಂತಿತು.

ಮೇಷ್ಟ್ರು ಬಾಗಿಲು ತಳ್ಳಿದರು. ಬಾಗಿಲ ಮುಂದೆ ಗೋಡೆ. ಕಿಟಕಿ ಅಂಗೈ ಅಗಲ. ಮೇಲೆ ತಗಡು.

ಒಡೆತ್ ಏದುಸಿರು ಬಿಡುತ್ತ ಓಡಿಬಂದರು. ಪರಿಸ್ಥಿತಿ ನೋಡಿದರು. ಇಷ್ಟು ವರ್ಷ ಯಾರೂ ಅವರ ಮುಖದಲ್ಲಿ ಕಾಣದ ಸಂತೋಷ ಮೆಲ್ಲಗೆ ಅರಳಿತು.

"ಮೇಷ್ಟ್ರೇ, ರಿವರ್ಸ್ ಹಾಕಿ."

"ಡಾಕ್ಟ್ರೇ, ಇದಕ್ಕೆ ರಿವರ್ಸ್ ಇಲ್ಲ."

"ಹಾಗಾದ್ರೆ ಅಲ್ಲೇ ಇರಿ. ನಾನು ಕಾಫಿ ಕುಡ್ಕೊಂಡ್ ಬರ್ತೀನಿ."

ಬೇಕರಿಯವನು, ಗುಂಡಾಟದವರು, ಎಲ್ಲ ಸುತ್ತ ನೆರೆದು ಸಲಹೆ ಕೊಟ್ಟರು. ಗೋಡೆ ಒಡೆಯೋಣವೆಂದ ಒಬ್ಬ. ಮೊದಲು ಗೋಡೆಯ ಯಜಮಾನನನ್ನು ಕೇಳು ಎಂದ ಬೇಕರಿಯವನು. ಮೇಷ್ಟ್ರು ಅತ್ತ ಇತ್ತ ನೋಡಿದರು. ಕೊನೆಗೆ, ಯಾರಿಗೂ ಕಾಣದಂತೆ, 'ಆರ್' ಹಿಡಿಯನ್ನು ಎಳೆದರು. ತಮ್ಮ ವಾದವೇ ತಪ್ಪಾಗಿರಲಿ ಎಂದು ಆ ಒಂದು ಕ್ಷಣ ಅವರು ಮನಸಾರೆ ಬಯಸಿದ್ದುಂಟು. ಕಾಲ ಬಳಿ ಏನೋ ಲೊಚಗುಟ್ಟಿ, ಹಳೆಯ ಪೆಟ್ರೋಲಿನ ನಾಲ್ಕು ಹನಿ ಅವರ ಬೂಟಿನ ಮೇಲೆ ಬಿತ್ತು.

"ರಿಸರ್ವ್!" ಎಂದು ಮೇಷ್ಟ್ರು ಒಳಗಿಂದ ಕೂಗಿದರು. "ಡಾಕ್ಟ್ರೇ, ರಿಸರ್ವ್! ನಾನ್ ಗೆದ್ದೆ!"

ಒಡೆತ್ ಕಿಟಕಿಗೆ ಮೂಗಿಟ್ಟು ಮೂಸಿದರು. ಪೆಟ್ರೋಲೇ. ಅವರ ಸಂತೋಷ ಅರ್ಧ ಇಳಿಯಿತು. ಆಮೇಲೆ ಗೆದ್ದವರು ಎಲ್ಲಿ ಕೂತಿದ್ದಾರೆಂದು ನೋಡಿ ಪುನಃ ಏರಿತು.

ಅಷ್ಟರಲ್ಲಿ ಲೆಯೋಂತಿನ್ ಅಜ್ಜಿ ಕೋಲೂರಿಕೊಂಡು ಬಂದಳು. ಗುಂಪನ್ನು ಸರಿಸಿ, ಕೋಲನ್ನು ಒಡೆತ್ ಕೈಗೆ ಕೊಟ್ಟು, ಕಾರಿನ ಹಿಂಭಾಗದಲ್ಲಿದ್ದ ಒಂದು ಕಬ್ಬಿಣದ ಬಳೆಗೆ ಎರಡೂ ಕೈ ಹಾಕಿ ಹಿಂದಕ್ಕೆ ವಾಲಿದಳು. ನೊರಜು ಗೊಣಗುತ್ತ ಹಿಂದೆ ಬಂತು, ಮೇಷ್ಟ್ರು, ಕಡುಬು, ಹೆಬ್ಬಾತು ಸಮೇತ.

"ನನ್ ಗಂಡ ಎದ್ಮೋನ್ ಹೋದಲ್ಲೆಲ್ಲ ಗೋಡೆಗೇ ತಂದು ನಿಲ್ಲಿಸ್ತಿದ್ದ," ಎಂದಳು ಅಜ್ಜಿ, ಮೇಲಂಗಿಗೆ ಕೈ ಒರೆಸಿಕೊಳ್ಳುತ್ತ. "ಅದಕ್ಕೇ ಮೊದ್ಲು ನನ್ನ ಇಳಿಸ್ತಿದ್ದ. ನಾನು ಪ್ರೀತಿಗೆ ಅಂದ್ಕೊಂಡಿದ್ದೆ. ಹಿಂದಕ್ಕೆ ಎಳೆಯೋಕೆ ಅಂತ ಮದ್ವೆಯಾದ್ಮೇಲೆ ಗೊತ್ತಾಯ್ತು."

ಮೇಷ್ಟ್ರು ತಲೆ ಮೊದಲಾಗಿ ಹೊರಗೆ ಜಾರಿದರು. ಪ್ಯಾಂಟಿಗೆ ಎರಡು ಮೊಟ್ಟೆ ಒಡೆದು ಅಂಟಿತ್ತೆಂದು ಅಜ್ಜಿ ಅವರನ್ನು ಚೆನ್ನಾಗಿ ಬೈದಳು. ಬೈಗುಳ ಮುಗಿಯುವ ಮೊದಲೇ ಒಡೆತ್ ಹೊಸ ವಾದ ಹೂಡಿದ್ದರು: ಕಾರಿಗೆ ಬಳೆ ಇತ್ತು, ಬಳೆಗೆ ಹೆಂಡತಿ ಇದ್ದಳು, ಅಂದರೆ ರಿವರ್ಸ್ ಇತ್ತು ಎಂದೇ ಲೆಕ್ಕ. ಹೆಂಡತಿಯನ್ನು ಕಾರಿನ ಬಿಡಿಭಾಗ ಎನ್ನಲಾಗದೆಂದು ಮೇಷ್ಟ್ರು ಎತ್ತಿದ ದನಿಯಲ್ಲಿ ಹೇಳಿದರು. ಗುಂಡಾಟದವರು ಅಲ್ಲೇ ಎರಡು ಪಂಗಡವಾದರು. ಬೇಕರಿಯವನು ಕುರ್ಚಿ ತಂದು ಹಾಕಿದ.

ಕಾರನ್ನು ಮಾರುವುದಿಲ್ಲ, ಮರಿಯಾಗುವವರೆಗೆ ಯಾರೂ ಮುಟ್ಟಕೂಡದು ಎಂದಳು ಅಜ್ಜಿ. ಆದರೆ ಸಂಘಕ್ಕೆ ಸೇರಬಹುದೇ ಎಂದು ಕೇಳಿದಳು, ಇಷ್ಟು ಚೆಂದದ ಜಗಳ ಅವಳು ಗಂಡ ಸತ್ತ ಮೇಲೆ ಕೇಳಿರಲಿಲ್ಲವಂತೆ. ಇಬ್ಬರೂ ಒಮ್ಮತದಿಂದ ಒಪ್ಪಿದ ಮೊದಲ ವಿಷಯ ಅದು. ಆಮೇಲೆ ಎಲ್ಲ ಸೇರಿ ನೊರಜನ್ನು ದಿಬ್ಬ ಹತ್ತಿಸಿದರು. ಕ್ಲೋತಿಲ್ಡ್ ಇಳಿಯಲೊಪ್ಪಲಿಲ್ಲ, ಅವಳನ್ನೂ ತಳ್ಳಿದರು.